ಗೃಹ ಬಳಕೆಯ ವಿದ್ಯುತ್: ಮನೆಯಲ್ಲಿಯೇ ಲೆಕ್ಕ ಪರಿಶೋಧನೆ ಮತ್ತು ಉಳಿತಾಯ ಕ್ರಮಗಳು

ಪೀಠಿಕೆ

ವಿದ್ಯುತ್ ಬಿಲ್ಲಿನ ಮೊತ್ತ ಏಕಾಏಕಿ ಹೆಚ್ಚಾದಾಗ ಗ್ರಾಹಕರು ಸಾಮಾನ್ಯವಾಗಿ ಎರಡು ತೀರ್ಮಾನಗಳಲ್ಲಿ ಒಂದಕ್ಕೆ ಬರುತ್ತಾರೆ. ಮೀಟರು ಕೆಟ್ಟಿದೆ ಎಂಬುದು ಒಂದು. ಮನೆಯ ಉಪಕರಣಗಳನ್ನೆಲ್ಲ ಬದಲಾಯಿಸಬೇಕು ಎಂಬುದು ಇನ್ನೊಂದು. ಎರಡೂ ಕೆಲವೊಮ್ಮೆ ನಿಜವಿರಬಹುದು. ಆದರೆ ಬಹುತೇಕ ಪ್ರಕರಣಗಳಲ್ಲಿ ವಿದ್ಯುತ್ ಎಲ್ಲಿ ಖರ್ಚಾಗುತ್ತಿದೆ ಎಂಬ ಲೆಕ್ಕವನ್ನೇ ಯಾರೂ ನೋಡಿರುವುದಿಲ್ಲ. ದಿನಸಿ ಅಂಗಡಿಯ ಚೀಟಿಯಲ್ಲಿ ಅಕ್ಕಿಗೆ ಎಷ್ಟು, ಬೇಳೆಗೆ ಎಷ್ಟು ಎಂದು ಬರೆದಿರುತ್ತದೆ. ವಿದ್ಯುತ್ ಬಿಲ್ಲಿನಲ್ಲಿ ಇರುವುದು ಒಟ್ಟು ಯೂನಿಟ್ ಮಾತ್ರ. ಅದನ್ನು ಬಾಬುವಾರು ವಿಂಗಡಿಸಿಕೊಳ್ಳುವ ಕೆಲಸ ಗ್ರಾಹಕರದೇ ಆಗಿರುತ್ತದೆ. ಈ ವಿಂಗಡಣೆಯನ್ನು ಹೆಚ್ಚಿನ ಖರ್ಚಿಲ್ಲದೆ ಮನೆಯಲ್ಲಿಯೇ ಮಾಡಿಕೊಳ್ಳುವ ವಿಧಾನವನ್ನು ಹಾಗೂ ತದನಂತರ ಕೈಗೊಳ್ಳಬಹುದಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ.

ಒಂದು ಯೂನಿಟ್ ಎಂದರೆ ಒಂದು ಸಾವಿರ ವ್ಯಾಟ್ ಸಾಮರ್ಥ್ಯದ ಉಪಕರಣವು ಒಂದು ಗಂಟೆ ಕಾಲ ಬಳಸುವ ವಿದ್ಯುತ್. ನೂರು ವ್ಯಾಟ್‌ನ ಉಪಕರಣವು ಹತ್ತು ಗಂಟೆ ನಡೆದರೂ ಅಷ್ಟೇ ಖರ್ಚಾಗುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನ ಲೆಕ್ಕಕ್ಕೆ ಸಾಕು.

ಗೃಹ ಜ್ಯೋತಿ ಫಲಾನುಭವಿಗಳಿಗೆ ಈ ಲೆಕ್ಕ ಏಕೆ ಮುಖ್ಯ

2023ರಲ್ಲಿ ಜಾರಿಗೆ ಬಂದ ಗೃಹ ಜ್ಯೋತಿ ಯೋಜನೆಯಡಿ, 2022-23ನೇ ಸಾಲಿನ ಮಾಸಿಕ ಸರಾಸರಿ ಬಳಕೆಗೆ ಶೇಕಡ 10ರಷ್ಟನ್ನು ಸೇರಿಸಿ ಪ್ರತಿ ಗ್ರಾಹಕರ ಅರ್ಹ ಯೂನಿಟ್‌ಗಳನ್ನು ನಿಗದಿಪಡಿಸಲಾಗಿದೆ. ಸರಾಸರಿ ಬಳಕೆ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇಕಡ 10ರ ಬದಲಾಗಿ 10 ಯೂನಿಟ್‌ಗಳನ್ನು ಹೆಚ್ಚುವರಿಯಾಗಿ ನೀಡಲು 2024ರ ಜನವರಿಯಲ್ಲಿ ತೀರ್ಮಾನಿಸಲಾಯಿತು. ಬಳಕೆಯು ಅರ್ಹ ಯೂನಿಟ್‌ಗಳ ಒಳಗಿದ್ದಲ್ಲಿ ಶೂನ್ಯ ಬಿಲ್ಲು ಬರುತ್ತದೆ. ಅರ್ಹತೆಯನ್ನು ಮೀರಿ 200 ಯೂನಿಟ್‌ಗಳ ಒಳಗಿದ್ದಲ್ಲಿ ಹೆಚ್ಚುವರಿ ಯೂನಿಟ್‌ಗಳಿಗೆ ಮಾತ್ರ ಪಾವತಿಸಬೇಕಾಗುತ್ತದೆ. 200 ಯೂನಿಟ್ ದಾಟಿದಲ್ಲಿ ಆ ತಿಂಗಳ ಪೂರ್ಣ ಬಿಲ್ಲನ್ನು ಪಾವತಿಸತಕ್ಕದ್ದು.

ಈ ಮೂರನೆಯ ಅಂಶವು ಬಹಳಷ್ಟು ಗ್ರಾಹಕರ ಗಮನಕ್ಕೆ ಬರುವುದು ಬಿಲ್ಲು ಕೈಗೆ ಬಂದ ಮೇಲೆಯೇ. ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಕುಟುಂಬದ 2022-23ರ ಸರಾಸರಿ ಬಳಕೆ 172 ಯೂನಿಟ್ ಎಂದಿಟ್ಟುಕೊಂಡರೆ, ಅದರ ಅರ್ಹತೆ 189 ಯೂನಿಟ್ ಆಗುತ್ತದೆ. ಬೇಸಿಗೆಯ ಒಂದು ತಿಂಗಳಲ್ಲಿ ಸದರಿ ಕುಟುಂಬವು 198 ಯೂನಿಟ್ ಬಳಸಿದರೆ ಪಾವತಿಸಬೇಕಾದದ್ದು 9 ಯೂನಿಟ್‌ಗೆ ಮಾತ್ರ. ಗೃಹ ಬಳಕೆಗೆ 2025-26ನೇ ಸಾಲಿನಲ್ಲಿ ನಿಗದಿಯಾದ ಯೂನಿಟ್‌ಗೆ 5 ರೂ. 80 ಪೈಸೆ ದರದಲ್ಲಿ ಇದು ಸುಮಾರು 52 ರೂಪಾಯಿ. ಅದೇ ಕುಟುಂಬ 206 ಯೂನಿಟ್ ಬಳಸಿದರೆ ವಿದ್ಯುತ್ ಶುಲ್ಕವೇ 1,194 ರೂ. 80 ಪೈಸೆ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಇತ್ಯಾದಿ ಬೇರೆ. ಎಂಟು ಯೂನಿಟ್‌ಗಳ ವ್ಯತ್ಯಾಸಕ್ಕೆ ಸಾವಿರಕ್ಕೂ ಮಿಕ್ಕಿದ ಹೊರೆ. ತಿಂಗಳ ಸಂಬಳದಲ್ಲಿ ಜೀವನ ಸಾಗಿಸುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ.

ಬಳಕೆ ಕಡಿಮೆ ಮಾಡಿದರೆ ಮುಂದೆ ಅರ್ಹತೆಯೂ ಕಡಿಮೆಯಾಗುವುದೇನೋ ಎಂಬ ಅಳುಕು ಕೆಲವರಲ್ಲಿದೆ. ಅರ್ಹತೆಯು 2022-23ನೇ ಸಾಲಿನ ಸರಾಸರಿಯನ್ನು ಆಧರಿಸಿರುವುದರಿಂದ ಈಗಿನ ಉಳಿತಾಯದಿಂದ ಅದಕ್ಕೆ ಧಕ್ಕೆಯಾಗುವುದಿಲ್ಲ. ಯೋಜನೆಯಡಿ ಬಾರದ ಗ್ರಾಹಕರಿಗಂತೂ ಉಳಿಸಿದ ಪ್ರತಿ ಯೂನಿಟ್ ನೇರ ಉಳಿತಾಯವೇ ಆಗಿರುತ್ತದೆ.

ಮೀಟರಿನಿಂದಲೇ ಅಳತೆ

ಅಳತೆಗೆ ಬೇಕಾಗುವ ಸಾಧನ ಪ್ರತಿ ಮನೆಯಲ್ಲಿಯೂ ಈಗಾಗಲೇ ಇದೆ. ಮೊದಲನೆಯದಾಗಿ, ಕನಿಷ್ಠ ಒಂದು ವಾರ ಕಾಲ ರಾತ್ರಿ 10 ಗಂಟೆಗೆ ಮತ್ತು ಬೆಳಿಗ್ಗೆ 6 ಗಂಟೆಗೆ ಮೀಟರಿನ ಓದನ್ನು, ದಶಮಾಂಶ ಕಾಣಿಸುವ ಮೀಟರಾದಲ್ಲಿ ಅದನ್ನೂ ಸೇರಿಸಿ, ಒಂದು ಪುಸ್ತಕದಲ್ಲಿ ಬರೆದಿಡುವುದು. ಮೀಟರಿನಲ್ಲಿ ದಿನಾಂಕ, ಗರಿಷ್ಠ ಬೇಡಿಕೆ, ವೋಲ್ಟೇಜ್ ಮುಂತಾದವು ಒಂದಾದ ಮೇಲೊಂದು ಬರುತ್ತವೆ. ಬಿಲ್ಲಿನಲ್ಲಿ ನಮೂದಾಗಿರುವ ಹಿಂದಿನ ಮಾಪಕ ಓದಿಗೆ ಸಮೀಪವಿರುವ ಸಂಖ್ಯೆಯೇ ಯೂನಿಟ್ ಸಂಖ್ಯೆ ಎಂದು ಗುರುತಿಸಿಕೊಳ್ಳಬಹುದು.

ಎರಡನೆಯದಾಗಿ, ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಮಿನುಗುವ ಸಣ್ಣ ಕೆಂಪು ದೀಪವನ್ನು ಬಳಸಿಕೊಳ್ಳುವುದು. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಮೀಟರಿನ ಮುಖದ ಮೇಲೆಯೇ ಮುದ್ರಿಸಿರುತ್ತಾರೆ. ಉದಾಹರಣೆಗೆ 3200 ಎಂದಿದ್ದರೆ, ಒಂದು ನಿಮಿಷದಲ್ಲಿ ಆಗುವ ಮಿನುಗುಗಳನ್ನು ಎಣಿಸಿ, 60ರಿಂದ ಗುಣಿಸಿ, 3200ರಿಂದ ಭಾಗಿಸಿದಲ್ಲಿ ಗಂಟೆಗೆ ಎಷ್ಟು ಯೂನಿಟ್ ಎಂಬುದು ದೊರೆಯುತ್ತದೆ. ನಿಮಿಷಕ್ಕೆ 40 ಮಿನುಗು ಎಂದರೆ ಗಂಟೆಗೆ ಮುಕ್ಕಾಲು ಯೂನಿಟ್, ಅಂದರೆ ಆ ಕ್ಷಣದಲ್ಲಿ ಮನೆಯಲ್ಲಿ 750 ವ್ಯಾಟ್ ಖರ್ಚಾಗುತ್ತಿದೆ ಎಂದರ್ಥ. ಉಪಕರಣಗಳನ್ನು ಒಂದೊಂದಾಗಿ ಚಾಲೂ ಮಾಡಿ ಹೀಗೆ ಎಣಿಸುತ್ತಾ ಹೋದರೆ ಯಾವುದು ಎಷ್ಟು ಎಳೆಯುತ್ತದೆ ಎಂಬುದು ತಿಳಿಯುತ್ತದೆ. ರಜೆಯ ದಿನ ಶಾಲಾ ಮಕ್ಕಳಿಗೆ ಇದನ್ನು ವಹಿಸಿದರೆ ಅವರು ದೊಡ್ಡವರಿಗಿಂತ ಚೆನ್ನಾಗಿಯೇ ಮಾಡುತ್ತಾರೆ.

ಮನೆಯ ಎಲ್ಲ ಸ್ವಿಚ್‌ಗಳನ್ನು ಆರಿಸಿ, ಪ್ಲಗ್‌ಗಳನ್ನು ಕಿತ್ತು, ಮೇನ್ ಸ್ವಿಚ್ ಮಾತ್ರ ಚಾಲೂ ಇರಿಸಿ ನೋಡಿದಾಗಲೂ ದೀಪ ಮಿನುಗುತ್ತಿದ್ದಲ್ಲಿ ಎಲ್ಲಿಯೋ ಗಮನಕ್ಕೆ ಬಾರದ ಉಪಕರಣವಿದೆ, ಅಥವಾ ವೈರಿಂಗ್‌ನಲ್ಲಿ ಸೋರಿಕೆ ಇದೆ ಎಂದು ತಿಳಿಯಬೇಕು. ಸೋರಿಕೆಯು ಹಣದ ನಷ್ಟಕ್ಕಿಂತ ಜೀವದ ಅಪಾಯ. ಅದನ್ನು ತಾವೇ ಬಿಚ್ಚಿ ನೋಡದೆ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಪರೀಕ್ಷಿಸಿಕೊಳ್ಳತಕ್ಕದ್ದು.

ಒಂದು ಮನೆಯ ಬಾಬುವಾರು ಲೆಕ್ಕ

ಮೇಲೆ ಹೇಳಿದ, 206 ಯೂನಿಟ್ ಬಳಸಿದ ನಾಲ್ಕು ಜನರ ಕುಟುಂಬವನ್ನೇ ತೆಗೆದುಕೊಳ್ಳೋಣ. ಹಳೆಯ ಮಾದರಿಯ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಬಳಸುತ್ತದೆ. ಮೂರು ಫ್ಯಾನುಗಳು ಬೇಸಿಗೆಯಲ್ಲಿ ದಿನಕ್ಕೆ ತಲಾ 12 ಗಂಟೆ ತಿರುಗಿದರೆ ತಿಂಗಳಿಗೆ 81 ಯೂನಿಟ್. ಸ್ನಾನದ ನೀರಿನ ಲೆಕ್ಕ ಹೀಗಿದೆ: 20 ಲೀಟರಿನ ಒಂದು ಬಕೆಟ್ ನೀರನ್ನು 25 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಸುಮಾರು 0.35 ಯೂನಿಟ್ ಬೇಕು. ನಾಲ್ಕು ಬಕೆಟ್‌ಗೆ 1.4, ತಿಂಗಳಿಗೆ 42 ಯೂನಿಟ್. ಹಳೆಯ ರೆಫ್ರಿಜರೇಟರು ದಿನಕ್ಕೆ 1.2ರಂತೆ 36 ಯೂನಿಟ್. ದೀಪಗಳಿಗೆ 15, ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪಿಗೆ 6. ಇವೆಲ್ಲ ಸೇರಿ 180. ಉಳಿದ 26 ಯೂನಿಟ್ ಎಲ್ಲಿ ಹೋಯಿತು?

ಲೆಕ್ಕಪತ್ರದಲ್ಲಿ ತಾಳೆಯಾಗದ ಮೊತ್ತವನ್ನು ಅನಾಮತ್ತು ಖಾತೆಗೆ ಹಾಕಿ ನಂತರ ಹುಡುಕುವ ಪದ್ಧತಿ ಇದೆ. ಇಲ್ಲಿಯೂ ಹಾಗೆಯೇ ಮಾಡಬೇಕು. ಟಿವಿ, ಮಿಕ್ಸರ್, ಇಸ್ತ್ರಿ ಪೆಟ್ಟಿಗೆ, ಬಟ್ಟೆ ಒಗೆಯುವ ಯಂತ್ರಗಳಿಗೆ ಒಂದು ಭಾಗ ಸಲ್ಲುತ್ತದೆ. ಉಳಿದ ಭಾಗದ ಸುಳಿವು ರಾತ್ರಿಯ ಓದಿನಲ್ಲಿ ಸಿಗುತ್ತದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮೂರು ಫ್ಯಾನುಗಳಿಗೆ 1.8, ರೆಫ್ರಿಜರೇಟರಿಗೆ 0.4, ಒಟ್ಟು 2.2 ಯೂನಿಟ್ ಆಗಬೇಕು. ಮೀಟರು 2.35 ತೋರಿಸಿದರೆ 0.15 ಯೂನಿಟ್ ಹೆಚ್ಚುವರಿ ಇದೆ. ಎಂಟು ಗಂಟೆಗೆ ಹಂಚಿದಾಗ ಅದು ಸುಮಾರು 19 ವ್ಯಾಟ್: ರಿಮೋಟ್‌ನಿಂದ ಮಾತ್ರ ಆರಿಸಿದ ಸೆಟ್ ಟಾಪ್ ಬಾಕ್ಸ್ ಮತ್ತು ಅಂತರ್ಜಾಲದ ಮೋಡೆಮ್. ಇವು ಹಗಲೂ ರಾತ್ರಿ ಹೀಗೆಯೇ ನಡೆದರೆ ತಿಂಗಳಿಗೆ ಸುಮಾರು 14 ಯೂನಿಟ್. ರಿಮೋಟ್ ಒತ್ತಿದಾಕ್ಷಣ ಉಪಕರಣ ನಿಂತಿತು ಎಂಬ ನಂಬಿಕೆ ಸರಿಯಲ್ಲ. ನಿಲ್ಲುವುದು ಚಿತ್ರ ಮಾತ್ರ.

ಈಗ ಫಲಿತಾಂಶವನ್ನು ಗಮನಿಸಬಹುದು. ಸೆಟ್ ಟಾಪ್ ಬಾಕ್ಸನ್ನು ನೋಡದ ವೇಳೆಯಲ್ಲಿ ಗೋಡೆಯ ಸ್ವಿಚ್‌ನಿಂದಲೇ ಆರಿಸಿದರೆ ತಿಂಗಳಿಗೆ 5 ಯೂನಿಟ್‌ಗೂ ಹೆಚ್ಚು, ಮೋಡೆಮ್ಮನ್ನು ರಾತ್ರಿ ಆರಿಸಿದರೆ 2 ಯೂನಿಟ್‌ಗೂ ಹೆಚ್ಚು ಉಳಿಯುತ್ತದೆ. 206 ಇದ್ದದ್ದು 198ಕ್ಕೆ ಇಳಿಯುತ್ತದೆ. ಒಂದು ರೂಪಾಯಿ ಬಂಡವಾಳ ಹೂಡದೆ ಕುಟುಂಬವು ಪೂರ್ಣ ಬಿಲ್ಲಿನಿಂದ ಪಾರಾಗುತ್ತದೆ. ಇದಲ್ಲದೆ ಹೆಚ್ಚು ಹೊತ್ತು ತಿರುಗುವ ಒಂದು ಫ್ಯಾನನ್ನು ಮಾತ್ರ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಾಯಿಸಿದಲ್ಲಿ ಮತ್ತೆ 16 ಯೂನಿಟ್ ಉಳಿದು ಬಳಕೆಯು ಅರ್ಹ ಮಿತಿಯ ಒಳಗೇ ಬರುತ್ತದೆ. ಮೂರೂ ಫ್ಯಾನುಗಳನ್ನು ಒಮ್ಮೆಲೇ ಬದಲಾಯಿಸುವ ಅಗತ್ಯವಿಲ್ಲ. ಅತಿಥಿಗಳು ಬಂದಾಗ ಮಾತ್ರ ತಿರುಗುವ ಕೋಣೆಯ ಫ್ಯಾನಿಗೆ ಹಣ ಹಾಕಿದರೆ ಅದು ಮರಳಿ ಬರುವುದು ಬಹಳ ತಡವಾಗಿ.

ಬಾಬುಗಳ ಕ್ರಮಾಂಕ ಋತುವಿನೊಂದಿಗೆ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಚಳಿಗಾಲದಲ್ಲಿ ನಲ್ಲಿಯ ನೀರು 20 ಡಿಗ್ರಿಗೆ ಇಳಿದಾಗ ಅದೇ ಬಕೆಟ್‌ಗೆ 0.46 ಯೂನಿಟ್ ಬೇಕಾಗುತ್ತದೆ. ಜನರು ನೀರನ್ನೂ ಹೆಚ್ಚು ಬಳಸುತ್ತಾರೆ, ಫ್ಯಾನುಗಳು ನಿಂತಿರುತ್ತವೆ. ಬೇಸಿಗೆಯ ಬಿಲ್ಲು ಹೆಚ್ಚಾದಾಗ ಗೀಸರನ್ನೂ ಡಿಸೆಂಬರಿನ ಬಿಲ್ಲು ಹೆಚ್ಚಾದಾಗ ಫ್ಯಾನನ್ನೂ ದೂರುವುದರಿಂದ ಪ್ರಯೋಜನವಿಲ್ಲ.

ಉಪಕರಣಗಳ ಬಗ್ಗೆ

ಇಂಧನ ಸಂರಕ್ಷಣಾ ಕಾಯ್ದೆ, 2001ರ ಅನ್ವಯ 2002ರಲ್ಲಿ ಸ್ಥಾಪನೆಯಾದ ಇಂಧನ ದಕ್ಷತಾ ಬ್ಯೂರೋ ಸಂಸ್ಥೆಯು 2006ರಲ್ಲಿ ನಕ್ಷತ್ರ ಚೀಟಿ ಪದ್ಧತಿಯನ್ನು ಆರಂಭಿಸಿತು. ನಕ್ಷತ್ರಗಳನ್ನು ಎಣಿಸುವುದಕ್ಕಿಂತ ಚೀಟಿಯ ಮೇಲೆ ಬರೆದಿರುವ ಯೂನಿಟ್ ಸಂಖ್ಯೆಯನ್ನೂ ಚೀಟಿಯ ಅವಧಿಯನ್ನೂ ಓದುವುದು ಹೆಚ್ಚು ಉಪಯುಕ್ತ. ಮಾನದಂಡವನ್ನು ಕಾಲಕಾಲಕ್ಕೆ ಬಿಗಿಗೊಳಿಸುವುದರಿಂದ ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರಕ್ಕೆ ಸಮನಲ್ಲ. ಹಳೆಯ ದಾಸ್ತಾನನ್ನು ರಿಯಾಯಿತಿಯಲ್ಲಿ ಕೊಳ್ಳುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಸೀಲಿಂಗ್ ಫ್ಯಾನುಗಳಿಗೆ ಈ ಚೀಟಿ 2023ರ ಜನವರಿಯಿಂದ ಕಡ್ಡಾಯವಾಗಿದೆ. ಫ್ಯಾನಿಗೆ ಇನ್ನೂ ಹಳೆಯ ದಪ್ಪ ಗಾತ್ರದ ರೆಗ್ಯುಲೇಟರ್ ಇದ್ದಲ್ಲಿ, ವೇಗ ಕಡಿಮೆ ಮಾಡಿದಾಗ ಉಳಿಯಬೇಕಾದ ವಿದ್ಯುತ್ತಿನ ಬಹುಭಾಗ ಅದರೊಳಗೆ ಶಾಖವಾಗಿ ಹೋಗುತ್ತಿರುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿಸುವುದು ಅಲ್ಪ ಖರ್ಚಿನ ಪರಿಹಾರ.

ದೀಪಗಳ ವಿಚಾರದಲ್ಲಿ ಹೆಚ್ಚಿನ ಕೆಲಸ ಈಗಾಗಲೇ ಆಗಿದೆ. 2015ರಲ್ಲಿ ಆರಂಭವಾದ ಉಜಾಲಾ ಯೋಜನೆಯ ಎಲ್‌ಇಡಿ ಬಲ್ಬುಗಳು ರಾಜ್ಯದಲ್ಲಿ ಹೊಸ ಬೆಳಕು ಹೆಸರಿನಲ್ಲಿ ವಿತರಣೆಯಾದವು. 60 ವ್ಯಾಟ್‌ನ ಬುರುಡೆಯ ಜಾಗದಲ್ಲಿ 9 ವ್ಯಾಟ್ ಬಂದಿದೆ. ಉಳಿದಿರುವುದು ತಾಮ್ರದ ಚೋಕಿನ ಹಳೆಯ ಟ್ಯೂಬ್‌ಲೈಟುಗಳು. 40 ವ್ಯಾಟ್ ಎಂದು ಬರೆದಿದ್ದರೂ ಚೋಕು ಸೇರಿ 50ಕ್ಕೂ ಹೆಚ್ಚು ವ್ಯಾಟ್ ಬಳಸುವ ಇವುಗಳ ಬದಲು 20 ವ್ಯಾಟ್‌ನ ಎಲ್‌ಇಡಿ ಪಟ್ಟಿ ಸಾಕಾಗುತ್ತದೆ.

ರೆಫ್ರಿಜರೇಟರಿನ ಬಾಗಿಲ ಸಂದಿನಲ್ಲಿ ಒಂದು ಕಾಗದದ ಹಾಳೆಯನ್ನಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಹೊರಬಂದರೆ ರಬ್ಬರಿನ ಪಟ್ಟಿ ಸವೆದಿದೆ ಎಂದರ್ಥ. ಹೊಸ ರೆಫ್ರಿಜರೇಟರಿನ ಯೋಚನೆಗೆ ಮುನ್ನ ಪಟ್ಟಿಯನ್ನು ಬದಲಾಯಿಸಿ ಒಂದು ವಾರ ಮೀಟರನ್ನು ನೋಡುವುದು ಲೇಸು. ಹೊಸದನ್ನು ಕೊಂಡ ಮೇಲೆ ಹಳೆಯದನ್ನು ತಂಪು ನೀರಿಗೆಂದು ಹಜಾರದಲ್ಲಿ ಉಳಿಸಿಕೊಳ್ಳುವ ರೂಢಿ ಕೆಲವೆಡೆ ಇದೆ. ಇದರಿಂದ ಲೆಕ್ಕದಲ್ಲಿ ಉಳಿತಾಯದ ಬದಲು ಇನ್ನೊಂದು ಖರ್ಚಿನ ಬಾಬು ಸೇರುತ್ತದೆ. ಹವಾನಿಯಂತ್ರಕ ಇರುವ ಮನೆಗಳಲ್ಲಿ ಅದನ್ನು 24 ಡಿಗ್ರಿಗೆ ಇರಿಸಿ ಫ್ಯಾನನ್ನು ನಿಧಾನವಾಗಿ ತಿರುಗಿಸುವುದು ಸೂಕ್ತ.

ಸ್ನಾನದ ನೀರು

ಮಲೆನಾಡು ಹಾಗೂ ಕರಾವಳಿಯಲ್ಲಿ ಇಂದಿಗೂ ಬಚ್ಚಲ ಒಲೆಯ ಹಂಡೆಯಲ್ಲಿ ತೆಂಗಿನ ಮಟ್ಟೆ, ಅಡಕೆಯ ಹಾಳೆ ಉರಿಸಿ ನೀರು ಕಾಯಿಸುವ ಮನೆಗಳಿವೆ. ನಗರಗಳಲ್ಲಿ ಆ ಕೆಲಸವನ್ನು ಗೀಸರು ಮಾಡುತ್ತಿದೆ. ಗೀಸರಿನಲ್ಲಿ ನಷ್ಟವಾಗುವುದು ನೀರು ಕಾಯುವಾಗ ಅಲ್ಲ, ಕಾದ ನೀರು ಕಾಯ್ದುಕೊಂಡು ನಿಂತಾಗ. ಸ್ನಾನಕ್ಕೆ ಕಾಲು ಗಂಟೆ ಮೊದಲು ಚಾಲೂ ಮಾಡಿ, ಮನೆಯವರು ಒಬ್ಬರ ನಂತರ ಒಬ್ಬರು ಸ್ನಾನ ಮುಗಿಸಿ ಆರಿಸಿದರೆ ಈ ನಷ್ಟ ಬಹುಮಟ್ಟಿಗೆ ತಪ್ಪುತ್ತದೆ. ಕುದಿಯುವಷ್ಟು ಕಾಯಿಸಿ ತಣ್ಣೀರು ಬೆರೆಸುವ ಬದಲು ಉಷ್ಣತೆಯ ಗುಂಡಿಯನ್ನು 50 ಡಿಗ್ರಿಯ ಆಸುಪಾಸಿಗೆ ಇಳಿಸಿಕೊಳ್ಳಬಹುದು.

ನಗರ ಪ್ರದೇಶಗಳಲ್ಲಿ ನಿರ್ದಿಷ್ಟ ಅಳತೆಗೆ ಮೇಲ್ಪಟ್ಟ ಹೊಸ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ವ್ಯವಸ್ಥೆಯನ್ನು ರಾಜ್ಯ ಸರ್ಕಾರವು 2007ರಲ್ಲಿ ಕಡ್ಡಾಯಗೊಳಿಸಿತು. ಹೀಗೆ ಅಳವಡಿಸಿಕೊಂಡ ಮನೆಗಳಲ್ಲಿಯೂ ಬಿಲ್ಲು ಇಳಿಯದಿರುವುದಕ್ಕೆ ಸಾಮಾನ್ಯ ಕಾರಣವೊಂದಿದೆ. ಮೋಡದ ದಿನಗಳಿಗೆಂದು ತೊಟ್ಟಿಯೊಳಗೆ ಅಳವಡಿಸಿದ ವಿದ್ಯುತ್ ಸುರುಳಿಯ ಸ್ವಿಚ್ಚನ್ನು ಜುಲೈನಲ್ಲಿ ಹಾಕಿದವರು ಫೆಬ್ರವರಿಯಾದರೂ ಆರಿಸಿರುವುದಿಲ್ಲ. ಆಗ ರಾತ್ರಿಯಿಡೀ ಸುರುಳಿಯೇ ನೀರನ್ನು ಬಿಸಿಯಾಗಿಡುತ್ತದೆ. ಬೆಳಗಾದ ಮೇಲೆ ಬರುವ ಬಿಸಿಲಿಗೆ ಮಾಡಲು ಕೆಲಸ ಉಳಿಯುವುದಿಲ್ಲ. ಸೌರ ಫಲಕದ ಗಾಜಿನ ಧೂಳು ಒರೆಸುವುದು, ಗಡಸು ನೀರಿನ ಪ್ರದೇಶಗಳಲ್ಲಿ ಕೊಳವೆಗಳ ಸುಣ್ಣ ತೆಗೆಸುವುದು ಸಹ ಅವಶ್ಯ.

ಸೋರುವ ನಲ್ಲಿಯೂ ವಿದ್ಯುತ್ ಖರ್ಚಿನ ಬಾಬೇ ಆಗಿದೆ. ಸೋರಿಹೋದ ಪ್ರತಿ ಲೀಟರನ್ನು ಪಂಪು ಮೇಲಕ್ಕೆತ್ತಿರುತ್ತದೆ.

ಛಾವಣಿ ಮತ್ತು ಕಿಟಕಿ

ಫ್ಯಾನು ಹೆಚ್ಚು ಹೊತ್ತು ತಿರುಗುವುದೇಕೆ ಎಂದು ಕೇಳಿದರೆ ಉತ್ತರ ಬಹುತೇಕ ತಲೆಯ ಮೇಲೆಯೇ ಇರುತ್ತದೆ. ಸಪಾಟಾದ ಕಾಂಕ್ರೀಟ್ ಛಾವಣಿಯು ಹಗಲೆಲ್ಲ ಹೀರಿಕೊಂಡ ಬಿಸಿಲನ್ನು ಸಂಜೆಯಿಂದ ಒಳಗೆ ಬಿಡತೊಡಗುತ್ತದೆ. ಹೊರಗೆ ತಂಪಾದರೂ ಮೇಲಂತಸ್ತಿನ ಕೋಣೆ ಮಧ್ಯರಾತ್ರಿಯವರೆಗೆ ಕಾದಿರುತ್ತದೆ. ಕಲಬುರಗಿ, ರಾಯಚೂರಿನ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ ಮತ್ತು ಮಣ್ಣಿನ ಹೊದಿಕೆಯು ಶಾಖವನ್ನು ತಡೆಯುತ್ತಿತ್ತು. ಗವಾಕ್ಷಿಯಿಂದ ಬಿಸಿ ಗಾಳಿ ಹೊರಹೋಗುತ್ತಿತ್ತು. ಮಂಗಳೂರು ಕಡೆ ಹೆಂಚು, ಅಟ್ಟ ಮತ್ತು ಜಗಲಿ ಇದೇ ಕೆಲಸ ಮಾಡುತ್ತಿದ್ದವು. ಆ ವಿನ್ಯಾಸವನ್ನು ಬಿಟ್ಟು ಎಲ್ಲ ಜಿಲ್ಲೆಗಳಲ್ಲಿಯೂ ಒಂದೇ ಮಾದರಿಯ ಡಬ್ಬಿಯಂತಹ ಮನೆಗಳನ್ನು ಕಟ್ಟಿದ್ದರ ವೆಚ್ಚ ಪ್ರತಿ ತಿಂಗಳ ಬಿಲ್ಲಿನಲ್ಲಿ ಬರುತ್ತಿದೆ.

ಕಟ್ಟಿರುವ ಮನೆಯನ್ನು ಬದಲಾಯಿಸಲಾಗದಿದ್ದರೂ ಛಾವಣಿಯನ್ನು ಬೆಳ್ಳಗೆ ಮಾಡಬಹುದು. ಬಿಸಿಲನ್ನು ಪ್ರತಿಫಲಿಸುವ ಬಿಳಿ ಬಣ್ಣ ಅಥವಾ ಬಿಳಿ ಹೆಂಚಿನ ಚೂರುಗಳ ಹಾಸು ಹೆಚ್ಚು ಕಾಲ ಬಾಳುತ್ತದೆ. ಕಡಿಮೆ ಖರ್ಚಿನಲ್ಲಿ ಸುಣ್ಣ ಬಳಿಯಬಹುದು. ಆದರೆ ಮಳೆಗಾಲದಲ್ಲಿ ಅದು ತೊಳೆದುಹೋಗುವುದರಿಂದ ಪ್ರತಿ ವರ್ಷ ಫೆಬ್ರವರಿಯ ಹೊತ್ತಿಗೆ ಹೊಸದಾಗಿ ಬಳಿಯಬೇಕಾಗುತ್ತದೆ. ಬಾಡಿಗೆದಾರರು ಮಾಲೀಕರ ಅನುಮತಿ ಪಡೆದು ಇದನ್ನು ಮಾಡಿಸಬಹುದು. ಛಾವಣಿಗೆ ಹಾನಿಯಿಲ್ಲದ ಕೆಲಸವಾದ್ದರಿಂದ ಸಾಮಾನ್ಯವಾಗಿ ಆಕ್ಷೇಪಣೆ ಬರುವುದಿಲ್ಲ. ಪಶ್ಚಿಮದ ಕಿಟಕಿಗೆ ಒಳಗಿನ ಪರದೆಗಿಂತ ಹೊರಗಿನ ಚಪ್ಪರ, ಬಿದಿರಿನ ತಟ್ಟಿ ಅಥವಾ ಬಳ್ಳಿ ಉತ್ತಮ. ಬಿಸಿಲು ಗಾಜನ್ನು ದಾಟಿ ಒಳಗೆ ಬಂದ ಮೇಲೆ ಪರದೆ ಹಾಕುವುದರಿಂದ ಶಾಖ ಕೋಣೆಯೊಳಗೇ ಉಳಿಯುತ್ತದೆ.

ಹೊಸದಾಗಿ ಮನೆ ಕಟ್ಟುವವರು ನಕ್ಷೆ ಸಿದ್ಧಪಡಿಸುವ ಹಂತದಲ್ಲಿಯೇ ಈ ಅಂಶಗಳನ್ನು ತಮ್ಮ ಎಂಜಿನಿಯರ್ ಜೊತೆ ಚರ್ಚಿಸುವುದು ಸೂಕ್ತ. ವಸತಿ ಕಟ್ಟಡಗಳ ಹೊರಕವಚಕ್ಕಾಗಿ ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಡಿಸೆಂಬರಿನಲ್ಲಿ ಹೊರತಂದ ಇಕೋ ನಿವಾಸ ಸಂಹಿತೆಯು ದೊಡ್ಡ ನಿವೇಶನಗಳನ್ನು ಉದ್ದೇಶಿಸಿದ್ದರೂ, ಛಾವಣಿಯ ಶಾಖ ತಡೆ ಮತ್ತು ಕಿಟಕಿಯ ನೆರಳಿನ ಕುರಿತ ಅದರ ತತ್ವಗಳು ಸಣ್ಣ ಮನೆಗೂ ಅನ್ವಯಿಸುತ್ತವೆ.

ಅರ್ಜಿ ಸಲ್ಲಿಸುವ ಮುನ್ನ

ಹೆಚ್ಚುವರಿ ಹೊರೆ ಮಂಜೂರಾತಿ, ಹೊರೆ ಕಡಿತ, ಮೀಟರು ಪರೀಕ್ಷೆ ಮತ್ತು ಛಾವಣಿ ಸೌರ ಘಟಕ ಈ ನಾಲ್ಕೂ ಕೋರಿಕೆಗಳಿಗೆ ಮೇಲಿನ ಲೆಕ್ಕದ ಪುಸ್ತಕ ನೆರವಾಗುತ್ತದೆ. ನಿಗದಿತ ಶುಲ್ಕವು ಮಂಜೂರಾದ ಕಿಲೋವ್ಯಾಟ್ ಹೊರೆಯನ್ನು ಅವಲಂಬಿಸಿರುವುದರಿಂದ, ಅಗತ್ಯಕ್ಕಿಂತ ಹೆಚ್ಚಿನ ಹೊರೆ ಇದ್ದವರು ಕಡಿತಕ್ಕೆ ಅರ್ಜಿ ಸಲ್ಲಿಸಬಹುದು. ಆದರೆ ಗೀಸರು, ಪಂಪು, ಇಸ್ತ್ರಿ ಒಟ್ಟಿಗೆ ನಡೆಯುವ ಬೆಳಗಿನ ವೇಳೆಯ ಗರಿಷ್ಠ ಬೇಡಿಕೆಯನ್ನು ಮೀಟರಿನಲ್ಲಿ ನೋಡಿಕೊಂಡೇ ಇದನ್ನು ತೀರ್ಮಾನಿಸತಕ್ಕದ್ದು. ಹೆಚ್ಚುವರಿ ಹೊರೆ ಕೋರುವವರು ಸದರಿ ಉಪಕರಣಗಳನ್ನು ಒಂದರ ನಂತರ ಒಂದು ಬಳಸಿದಲ್ಲಿ ಕೆಲವೊಮ್ಮೆ ಅರ್ಜಿಯ ಅಗತ್ಯವೇ ಬೀಳುವುದಿಲ್ಲ.

ಮೀಟರಿನ ಬಗ್ಗೆ ಸಂಶಯವಿದ್ದಲ್ಲಿ ಸಂಬಂಧಪಟ್ಟ ಉಪವಿಭಾಗ ಕಚೇರಿಯಲ್ಲಿ ಆರ್.ಆರ್. ಸಂಖ್ಯೆಯೊಂದಿಗೆ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು. ಎಲ್ಲ ಸ್ವಿಚ್ ಆರಿಸಿದಾಗಿನ ಓದು, ರಾತ್ರಿ ಹಾಗೂ ಬೆಳಗಿನ ಓದುಗಳ ಒಂದು ವಾರದ ಪಟ್ಟಿಯನ್ನು ಅರ್ಜಿಯೊಂದಿಗೆ ಲಗತ್ತಿಸಿದರೆ, ದೋಷವು ಮೀಟರಿನಲ್ಲಿದೆಯೇ ಮನೆಯ ವೈರಿಂಗ್‌ನಲ್ಲಿದೆಯೇ ಎಂಬುದನ್ನು ಗುರುತಿಸಲು ಸಿಬ್ಬಂದಿಗೆ ಅನುಕೂಲವಾಗುತ್ತದೆ.

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಡಿ ಛಾವಣಿ ಸೌರ ಘಟಕಕ್ಕೆ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂ., ಮೂರನೆಯದಕ್ಕೆ 18,000 ರೂ., ಒಟ್ಟಾರೆ ಗರಿಷ್ಠ 78,000 ರೂ. ಸಹಾಯಧನ ನಿಗದಿಪಡಿಸಲಾಗಿದೆ. ಘಟಕದ ಗಾತ್ರವನ್ನು ಹಳೆಯ ಫ್ಯಾನು, ಹಳೆಯ ರೆಫ್ರಿಜರೇಟರುಗಳ ಬಳಕೆಯ ಮೇಲೆ ನಿರ್ಧರಿಸದೆ, ಉಳಿತಾಯ ಕ್ರಮಗಳನ್ನು ಕೈಗೊಂಡ ನಂತರದ ಎರಡು ಮೂರು ತಿಂಗಳ ಬಳಕೆಯ ಮೇಲೆ ನಿರ್ಧರಿಸುವುದರಿಂದ ಬಂಡವಾಳ ಉಳಿಯುತ್ತದೆ. ಗೃಹ ಜ್ಯೋತಿ ಫಲಾನುಭವಿಗಳು ಅರ್ಜಿಗೆ ಮುನ್ನ ತಮ್ಮ ಬಿಲ್ಲಿಂಗ್ ಹೇಗೆ ಬದಲಾಗುತ್ತದೆ ಎಂಬುದನ್ನು ಉಪವಿಭಾಗ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ಗೃಹ ಜ್ಯೋತಿ ನೋಂದಣಿಯನ್ನು ಸೇವಾ ಸಿಂಧು ಮೂಲಕ ಮಾಡಿಕೊಳ್ಳಬಹುದು. ಮನೆ ಬದಲಾಯಿಸುವ ಬಾಡಿಗೆದಾರರು ಹಳೆಯ ಮನೆಯ ಆರ್.ಆರ್. ಸಂಖ್ಯೆಯಿಂದ ತಮ್ಮ ಆಧಾರ್ ಜೋಡಣೆಯನ್ನು ಮೊದಲು ತೆರವುಗೊಳಿಸಿಕೊಂಡು ನಂತರ ಹೊಸ ಮನೆಯ ಸಂಖ್ಯೆಗೆ ನೋಂದಾಯಿಸಿಕೊಳ್ಳಬೇಕು. ವಿದ್ಯುತ್ ವ್ಯತ್ಯಯ, ಸೋರಿಕೆ ಅಥವಾ ಅವಘಡದ ಸೂಚನೆ ಕಂಡುಬಂದಲ್ಲಿ ಸಹಾಯವಾಣಿ 1912ಕ್ಕೆ ಕರೆ ಮಾಡಲು ಕೋರಲಾಗಿದೆ.